ಇಂಟರ್‌ವಲ್‌ನಲ್ಲಿ ಚೀಟಿ ಹಂಚಿದೆ: 'ರಿಯರ್ ವಿಂಡೋ' ತೋರಿಸಿದ ನನ್ನ ಅನುಭವ

ನಮ್ಮ ಅಪಾರ್ಟ್‌ಮೆಂಟಿನ ಟೆರೇಸ್ ಮೇಲೆ ತಿಂಗಳಿಗೊಂದು ಹಳೇ ಸಿನಿಮಾ ಹಾಕುತ್ತೇನೆ. ಪ್ರೊಜೆಕ್ಟರ್ ನನ್ನದು, ಪರದೆಗೆ ಕಟ್ಟುವ ಬೆಡ್‌ಶೀಟ್ ಹೆಂಡತಿಯದು, ಚುರುಮುರಿ ಎಲ್ಲರ ಚಂದಾದಲ್ಲಿ. ಮುಗಿದ ಮೇಲೆ 'ಹೇಗಿತ್ತು?' ಅಂತ ಕೇಳುವುದು ನನ್ನ ಚಟ. ಉತ್ತರ ಯಾವಾಗಲೂ ಒಂದೇ, 'ಚೆನ್ನಾಗಿತ್ತು ಸರ್'. ಚಾಪೆ ಸುತ್ತುತ್ತಾ, ಮಲಗಿದ ಮಗುವನ್ನು ಹೆಗಲಿಗೆ ಹಾಕಿಕೊಳ್ಳುತ್ತಾ ಹೇಳುವ ಈ 'ಚೆನ್ನಾಗಿತ್ತು'ಗೆ ನಿದ್ದೆ ಬರ್ತಿದೆ, ದಾರಿ ಬಿಡಿ ಅಂತ ಅರ್ಥ.

ನಿರ್ದೇಶಕ ಹಿಚ್‌ಕಾಕ್‌ನ 'ರಿಯರ್ ವಿಂಡೋ' ಹಾಕಿದ ದಿನ ಚೀಟಿ ಹಂಚಿದೆ. ಹೆಸರು ಬರೆಯಬೇಡಿ ಅಂದೆ.

1954ರ ಸಿನಿಮಾ ಅದು. ಕಾಲು ಮುರಿದುಕೊಂಡು ಗಾಲಿಕುರ್ಚಿಯಲ್ಲಿ ಕೂತ ಫೋಟೋಗ್ರಾಫರ್ ಒಬ್ಬ ಹೊತ್ತು ಹೋಗದೆ ಕಿಟಕಿಯಿಂದ ಎದುರು ಮನೆಗಳನ್ನು ನೋಡುತ್ತಾನೆ. ಅಲ್ಲಿ ಒಬ್ಬನ ಹೆಂಡತಿ ಇದ್ದಕ್ಕಿದ್ದಂತೆ ಕಾಣಿಸುವುದಿಲ್ಲ. ಗಂಡನೇ ಕೊಂದನಾ? ಕಥೆ ಇಷ್ಟೇ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನ ಕಥೆ, ಆದರೆ 31 ಮನೆಗಳ ಆ ಇಡೀ ವಠಾರವನ್ನು ಪ್ಯಾರಾಮೌಂಟ್ ಸ್ಟುಡಿಯೋದ ಒಳಗೇ ಕಟ್ಟಿದ್ದರು. ಕ್ಯಾಮೆರಾ ಅವನ ರೂಮು ಬಿಟ್ಟು ಆಚೆ ಹೋಗುವುದು ತುಂಬಾ ಅಪರೂಪ. ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದು ಎದುರು ಬ್ಲಾಕ್ ನೋಡುವ ಅಭ್ಯಾಸ ನನಗೂ ಇರುವುದರಿಂದ ಈ ಸಿನಿಮಾ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ.

ಇಂಟರ್‌ವಲ್ ಎಲ್ಲಿ ಕೊಡಬೇಕು ಅಂತ ತುಂಬಾ ಯೋಚಿಸಿದೆ. ಇಂಗ್ಲಿಷ್ ಸಿನಿಮಾದಲ್ಲಿ ಅದು ಇರುವುದಿಲ್ಲ, ನಮ್ಮವರಿಗೆ ಇಲ್ಲದೆ ಆಗುವುದಿಲ್ಲ. ಪತ್ತೇದಾರ ಸ್ನೇಹಿತ ಬಂದು ಕೊಲೆಯೂ ಇಲ್ಲ ಏನೂ ಇಲ್ಲ ಅಂತ ಹೇಳಿ ಹೋಗುತ್ತಾನೆ. ಆಮೇಲೆ ನಾಯಕಿ ಲೀಸಾ, ಅಂದರೆ ಗ್ರೇಸ್ ಕೆಲಿ, ಇವತ್ತಿನ ಆಟ ಮುಗಿಯಿತು ಅಂತ ಕಿಟಕಿ ಪರದೆ ಇಳಿಸುತ್ತಾಳೆ. ಅಲ್ಲೇ ನಿಲ್ಲಿಸಿ ಲೈಟ್ ಹಾಕಿದೆ. ಚೀಟಿಯಲ್ಲಿ ಒಂದೇ ಪ್ರಶ್ನೆ: ಅವನು ಕೊಂದಿದ್ದಾನಾ, ಇಲ್ವಾ? ಯಾಕೆ ಹಾಗನ್ನಿಸಿತು? (ಸಿನಿಮಾ ನೋಡಿಲ್ಲದವರು ಇಲ್ಲಿಗೇ ನಿಲ್ಲಿಸಿ, ಆಮೇಲೆ ನನ್ನ ಬೈಯಬೇಡಿ.)

ಬಂದದ್ದು 22 ಚೀಟಿ. 'ಇಲ್ಲ' ಅಂದವರಲ್ಲಿ ಬಹಳ ಜನ ಒಂದೇ ಕಾರಣ ಕೊಟ್ಟಿದ್ದರು, ಬೆಳಗಿನ ಜಾವ ಅವನ ಜೊತೆ ಕಪ್ಪು ಬಟ್ಟೆಯ ಹೆಂಗಸು ಹೊರಗೆ ಹೋದಳಲ್ಲ! ಆ ಶಾಟ್ ಬರುವಾಗ ನಾಯಕ ನಿದ್ದೆಯಲ್ಲಿರುತ್ತಾನೆ. ಅವನಿಗೆ ಗೊತ್ತಿಲ್ಲ, ನಮಗೆ ಗೊತ್ತು. 'ಕೊಂದಿದ್ದಾನೆ' ಅಂತ ಖಡಾಖಂಡಿತವಾಗಿ ಬರೆದವರನ್ನು ಆಮೇಲೆ ಮಾತಾಡಿಸಿದರೆ ಕೆಲವರು ಆ ಶಾಟನ್ನೇ ನೋಡಿರಲಿಲ್ಲ, ಚುರುಮುರಿಗೆ ಈರುಳ್ಳಿ ಹಾಕಿಸಿಕೊಳ್ಳಲು ಎದ್ದಿದ್ದರಂತೆ. ಅಂದರೆ ನಾಯಕನಷ್ಟೇ ನೋಡಿದವರು ನಾಯಕನ ಹಾಗೇ ಯೋಚಿಸಿದರು. ಸುಮ್ನೆ 'ಹೇಗಿತ್ತು' ಅಂತ ಕೇಳಿದ್ದರೆ ಇದು ನನಗೆ ಈ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ.

ಆರೇಳು ಚೀಟಿಯಲ್ಲಿ 'ತುಂಬಾ ಸ್ಲೋ' ಅಂತಲೂ ಇತ್ತು. ಹೆದರಿಸುವ ಹಿನ್ನೆಲೆ ಸಂಗೀತ ಇಲ್ಲ, ಕೇಳುವುದೆಲ್ಲ ಆ ವಠಾರದ್ದೇ ಸದ್ದು, ಯಾರದೋ ಪಿಯಾನೋ, ರೇಡಿಯೋ, ಮಕ್ಕಳ ಗಲಾಟೆ. ಎರಡನೇ ಮಹಡಿಯ ಆಂಟಿ ಈ ಸ್ಲೋ ಪಾರ್ಟಿಯ ಲೀಡರ್, ಬರೆದದ್ದು ಸಾಲದೆ ಬಾಯಲ್ಲೂ ಹೇಳಿದ್ದರು. ಇಂಟರ್‌ವಲ್ ಆದ ಮೇಲೆ ಲೀಸಾ ಆ ಗಂಡನ ಮನೆಗೇ ನುಗ್ಗುತ್ತಾಳೆ, ಅವಳು ಒಳಗೆ ಹುಡುಕುತ್ತಿರುವಾಗಲೇ ಅವನು ವಾಪಸ್ ಬರುವುದು ನಮಗೆ ಕಾಣಿಸುತ್ತದೆ, ಕಿಟಕಿಯ ಈಚೆ ಕೂತ ನಾಯಕ ಏನೂ ಮಾಡುವ ಹಾಗಿಲ್ಲ. ಆಗ 'ಬಾರೇ ಆಚೆ, ಬಂದ ಕಣೇ ಅವ್ನು!' ಅಂತ ಕೂಗಿದ್ದು ಇದೇ ಆಂಟಿ. ನಾನು ಹಿಂದೆ ಕೂತು ನಕ್ಕೆ. ಸ್ವಲ್ಪ ಹೊತ್ತಿಗೆ ಆ ಗಂಡ ತಲೆಯೆತ್ತಿ ನೇರ ಕ್ಯಾಮೆರಾ ಕಡೆ, ಅಂದರೆ ನಮ್ಮ ಕಡೆಗೇ ನೋಡಿದಾಗ ಇಡೀ ಟೆರೇಸ್ ತಣ್ಣಗಾಯಿತು. ಚುರುಮುರಿ ಪೊಟ್ಟಣದ ಸದ್ದೂ ಇಲ್ಲ.

ಸಿನಿಮಾ ಮುಗಿದ ಮೇಲೆ ಹಂಚಿದ ಇನ್ನೊಂದು ಚೀಟಿಯಲ್ಲಿ 'ಏನು ಬೇಜಾರಾಯಿತು' ಅಂತ ಕೇಳಿದ್ದೆ. ಜಾಸ್ತಿ ಬಂದ ಉತ್ತರ, ವಠಾರದ ನಾಯಿ ಸತ್ತದ್ದು. ಸತ್ತ ಹೆಂಡತಿಯ ಬಗ್ಗೆ ಒಬ್ಬರೂ ಒಂದು ಸಾಲು ಬರೆದಿರಲಿಲ್ಲ! ಮೊದಲು ಸಿಟ್ಟು ಬಂತು, ಆಮೇಲೆ ಸರಿ ಅನ್ನಿಸಿತು. ಬುಟ್ಟಿಯಲ್ಲಿ ಮೇಲೆ ಕೆಳಗೆ ಹೋಗುವ ಆ ಪುಟ್ಟ ನಾಯಿಯ ಜೊತೆ ನಮಗೆ ಸಲುಗೆ ಬೆಳೆದಿತ್ತು, ಆ ಹೆಂಗಸನ್ನು ಹಾಸಿಗೆಯ ಮೇಲೆ ಗಂಡನ ಹತ್ತಿರ ರೇಗಾಡುವುದನ್ನು ಬಿಟ್ಟು ನೋಡಿದ್ದೇ ಕಡಿಮೆ.

ಬೇರೆಯವರ ಮನೆ ಇಣುಕುವುದು ತಪ್ಪು ಅಂತ ಬರೆದವರೂ ಇದ್ದರು, ಅವನು ಇಣುಕದಿದ್ದರೆ ಕೊಲೆ ಮುಚ್ಚಿಹೋಗುತ್ತಿತ್ತು ಅಲ್ವಾ ಅಂತ ಕೇಳಿದವರೂ ಇದ್ದರು. ಆ ಜಗಳ ಲಿಫ್ಟಿನವರೆಗೂ ನಡೆಯಿತು. ಒಂದು ಚೀಟಿಯಲ್ಲಿ ಮಾತ್ರ, 'ಕೊನೆಗೆ ಅವನ ಎರಡೂ ಕಾಲು ಮುರೀತಲ್ಲ, ಸರಿಯಾಗೇ ಆಯ್ತು. ದಿನಾ ಬಾಲ್ಕನಿಯಲ್ಲಿ ಕೂರೋರು ಗಮನಿಸಿ' ಅಂತಿತ್ತು. ಹೆಸರು ಇರಲಿಲ್ಲ. ಫ್ರಿಜ್ ಮೇಲಿನ ದಿನಸಿ ಪಟ್ಟಿಯಲ್ಲಿ ಆ ಅಕ್ಷರ ನಾನು ದಿನಾ ನೋಡುತ್ತೇನೆ.