ಬೋಲ್ಟಿನ ಬಾಲಕ್ಕೆ ಕಟ್ಟಿದ ಕಾರ್ಬನ್: ಕೆರೆಯುವ ಉಪಕರಣ ಬೇಕೇ?

ಅಮೆರಿಕದ ಬಂದೂಕು ಅಂಗಡಿಗಳಲ್ಲಿ ಎಣ್ಣೆ ಬಾಟಲಿ, ಬ್ರಷ್ಷುಗಳ ಸಾಲಿನಲ್ಲೇ ಅಂಗೈಯಲ್ಲಿ ಹಿಡಿಸುವಂಥ ಉಕ್ಕಿನ ತುಂಡೊಂದು ನೇತಾಡುತ್ತಿರುತ್ತದೆ. ಒಂದು ತುದಿಯಲ್ಲಿ ಗುಳಿ, ಇನ್ನೊಂದರಲ್ಲಿ ಚಾಚಿದ ಮೂತಿ, ಅಲ್ಲಲ್ಲಿ ಹರಿತ ಅಂಚು. ಓಟಿಸ್ ಕಂಪನಿ ತನ್ನದಕ್ಕೆ ‘ಬೋನ್’ ಎಂದು ಹೆಸರಿಟ್ಟಿದೆ. ಬೇರೆ ಕಂಪನಿಗಳವೂ ಹಲವಾರಿವೆ. ಎಲ್ಲದರ ಕೆಲಸ ಒಂದೇ: ಎಆರ್-15 ಜಾತಿಯ ರೈಫಲ್ಲಿನ ಹೊಟ್ಟೆಯೊಳಗೆ ಕಟ್ಟಿಕೊಂಡ ಕಾರ್ಬನ್ ಕೆರೆದು ತೆಗೆಯುವುದು. ಅಲ್ಲಿ ನೆಲೆಸಿ ವಾರಾಂತ್ಯಕ್ಕೆ ಶೂಟಿಂಗ್ ರೇಂಜಿಗೆ ಹೋಗುವ ನಮ್ಮವರು, ಊರಿಗೆ ಬರುವಾಗ ಇಂಥದ್ದೊಂದು ತರಲೇ ಎಂದು ಕೊಡಗಿನ ಮನೆಗಳಿಗೆ ಕೇಳುವುದೂ ಉಂಟು.

ತರುವ ಮೊದಲು ಮನೆಯಲ್ಲಿರುವ ಕೋವಿ ಯಾವುದು ಎಂದು ನೋಡಿ. ಎಆರ್-15 ಇಟ್ಟುಕೊಂಡವರಿಗೆ ಈ ಉಪಕರಣ ಸಮಯ ಉಳಿಸುತ್ತದೆ, ಅಷ್ಟೇ. ಅದಿಲ್ಲದೆ ರೈಫಲ್ ಕೆಟ್ಟುಹೋಗುವುದಿಲ್ಲ. ನಮ್ಮ ಕಡೆಯ ಹೆಚ್ಚಿನ ಕೋವಿಗಳಿಗಂತೂ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಯಾಕೆ ಎಂಬುದು ಗೊತ್ತಾಗಬೇಕಾದರೆ ಕಾರ್ಬನ್ ಎಲ್ಲಿ, ಹೇಗೆ ಕಟ್ಟುತ್ತದೆ ಎಂದು ತಿಳಿಯಬೇಕು.

ಕಾರ್ಬನ್ ಕೂರುವ ಜಾಗ

ಗುಂಡು ಹಾರಿದಾಗ ಮದ್ದು ಉರಿದು ಬಿಸಿ ಅನಿಲವಾಗುತ್ತದೆ. ಸ್ವಯಂಚಾಲಿತವಾಗಿ ಮುಂದಿನ ತೋಟಾ ಏರಿಸಿಕೊಳ್ಳುವ ಹೆಚ್ಚಿನ ರೈಫಲ್‌ಗಳು ಈ ಅನಿಲದಲ್ಲಿ ಸ್ವಲ್ಪವನ್ನು ನಳಿಗೆಯ ಸಣ್ಣ ರಂಧ್ರದಿಂದ ಕದ್ದುಕೊಂಡು ಆ ಕೆಲಸಕ್ಕೆ ಬಳಸುತ್ತವೆ. ಎಕೆ-47, ನಮ್ಮ ಸೇನೆಯ ಇನ್ಸಾಸ್ ಮುಂತಾದವುಗಳಲ್ಲಿ ಅನಿಲ ಒಂದು ಪಿಸ್ಟನ್ನನ್ನು ತಳ್ಳುತ್ತದೆ. ಮಸಿಯೆಲ್ಲ ಮುಂದೆ, ಪಿಸ್ಟನ್ ತಲೆಯ ಸುತ್ತಮುತ್ತ ಉಳಿಯುತ್ತದೆ. ಅಮೆರಿಕದ ವಿನ್ಯಾಸಕ ಯೂಜೀನ್ ಸ್ಟೋನರ್ 1950ರ ದಶಕದಲ್ಲಿ ರೂಪಿಸಿದ ಎಆರ್-15ರ ದಾರಿ ಬೇರೆ. ಅದರಲ್ಲಿ ಸಣ್ಣ ಕೊಳವೆಯೊಂದು ಅನಿಲವನ್ನು ನೇರವಾಗಿ ಹಿಂದಕ್ಕೆ ತಂದು ಬೋಲ್ಟ್ (ತೋಟಾವನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಭಾಗ) ಮತ್ತು ಅದನ್ನು ಹೊತ್ತ ಕ್ಯಾರಿಯರ್ ನಡುವೆ ಬಿಡುತ್ತದೆ. ಅಲ್ಲಿ ಅನಿಲ ಹಿಗ್ಗಿ, ಕ್ಯಾರಿಯರ್ ಹಿಂದೆ ಸರಿದು, ಉಳಿದದ್ದು ಬಲಗಡೆಯ ಎರಡು ತೂತುಗಳಿಂದ ಹೊರಗೆ ಹೋಗುತ್ತದೆ.

ಬೋಲ್ಟಿನ ಹಿಂಭಾಗದಲ್ಲಿ, ಅನಿಲ ಸೋರದಂತೆ ತಡೆಯುವ ಮೂರು ಗ್ಯಾಸ್ ರಿಂಗುಗಳ ಆಚೆ, ಸೊಂಟದಂತೆ ಕಿರಿದಾದ ಒಂದು ಭಾಗವಿದೆ. ಅದೇ ಬೋಲ್ಟಿನ ಬಾಲ. ಅನಿಲ ಬಂದು ಹೊಡೆಯುವುದು ಅಲ್ಲಿಗೆ. ಕೆಲವು ನೂರು ಗುಂಡು ಹಾರಿಸಿದ ಮೇಲೆ ಬಿಚ್ಚಿ ನೋಡಿದರೆ ಆ ಇಳಿಜಾರಿನಲ್ಲಿ ಕಪ್ಪು, ತುಸು ಹೊಳಪಿನ ಪದರ ಗಟ್ಟಿಯಾಗಿ ಕೂತಿರುತ್ತದೆ. ಉಗುರಿಗೆ ಜಗ್ಗುವುದಿಲ್ಲ. ಬಟ್ಟೆಯಲ್ಲಿ ಉಜ್ಜಿದರೆ ಬಟ್ಟೆ ಕಪ್ಪಾಗುತ್ತದೆಯೇ ಹೊರತು ಪದರ ಅಲ್ಲಿಯೇ ಇರುತ್ತದೆ. ಎದುರಿಗೆ ಕ್ಯಾರಿಯರ್ ಒಳಗೋಡೆಯ ಮೇಲೂ ಇದೇ ಕಥೆ. ತೋಟಾದ ಬುಡಕ್ಕೆ ಬಡಿಯುವ ಫೈರಿಂಗ್ ಪಿನ್ನಿಗೂ ಒಂದಿಷ್ಟು ಹಿಡಿದಿರುತ್ತದೆ.

ಈ ಕಾರ್ಬನ್ ಕುರಿತು ಅಮೆರಿಕದವರಿಗೆ ಇರುವ ಭಯಕ್ಕೆ ಹಿನ್ನೆಲೆಯಿದೆ. 1960ರ ದಶಕದ ನಡುವಿನಲ್ಲಿ ಎಆರ್-15ರ ಸೇನಾ ರೂಪವಾದ ಎಂ16 ರೈಫಲ್ ವಿಯೆಟ್ನಾಂ ಯುದ್ಧಕ್ಕೆ ಹೋದಾಗ ಅದಕ್ಕೆ ಹೆಚ್ಚಿನ ಆರೈಕೆ ಬೇಕಿಲ್ಲ ಎಂಬ ಮಾತು ಹರಡಿತ್ತು. ಶುಚಿ ಮಾಡುವ ಸಾಮಗ್ರಿಯೇ ಸಾಕಷ್ಟು ಸರಬರಾಜಾಗಲಿಲ್ಲ. ಮದ್ದಿನ ಬಗೆಯನ್ನು ಬದಲಿಸಲಾಗಿತ್ತು; ತೋಟಾ ಕೂರುವ ಕೋಣೆಗೆ ಕ್ರೋಮ್ ಲೇಪವೂ ಇರಲಿಲ್ಲ. ಹಾರಿದ ತೋಟಾದ ಚಿಪ್ಪು ಒಳಗೇ ಸಿಕ್ಕಿಕೊಂಡು ಯೋಧರು ಪ್ರಾಣ ಕಳೆದುಕೊಂಡರು. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿ ವಿಚಾರಣೆ ನಡೆಸಿತು. ಆಮೇಲೆ ಕ್ರೋಮ್ ಲೇಪ ಬಂತು, ಭುಜಕ್ಕೊರಗುವ ಹಿಂಬದಿಯ ಬಟ್ಟಿನೊಳಗೆ ಕ್ಲೀನಿಂಗ್ ಕಿಟ್ ಇಡುವ ಗೂಡು ಬಂತು, ಚಿತ್ರಕಥೆಯ ಶೈಲಿಯ ಕೈಪಿಡಿಯೂ ಬಂತು. ಗಮನಿಸಿ, ಅಂದು ಕೈಕೊಟ್ಟದ್ದು ಮುಖ್ಯವಾಗಿ ತೋಟಾ ಕೂರುವ ಕೋಣೆ. ಬೋಲ್ಟಿನ ಬಾಲವಲ್ಲ. ಆದರೆ ‘ಎಂ16ಗೆ ಕಸ ಆಗದು’ ಎಂಬ ಮಾತು ಮಾತ್ರ ಉಳಿದುಕೊಂಡಿತು.

ಬಾಲದ ಮೇಲಿನ ಪದರ ರಿಂಗುಗಳ ಹಿಂದೆ ಇರುವುದರಿಂದ, ಒಂದು ಮಟ್ಟಕ್ಕೆ ಬೆಳೆದು ತಾನೇ ನಿಲ್ಲುತ್ತದೆ ಎನ್ನುವುದು ಅನುಭವಿ ಶೂಟರ್‌ಗಳ ವಾದ. ನನಗೂ ಅದು ಸರಿ ಅನಿಸುತ್ತದೆ. ಹಾಗಾದರೆ ಕೆರೆಯುವ ಉಪಕರಣ ಮಾರಾಟವಾಗುವುದು ಯಾರಿಗೆ? ಸೈನಿಕರಿಗೆ, ಮಾಜಿ ಸೈನಿಕರಿಗೆ. ತರಬೇತಿ ಮುಗಿಸಿ ರೈಫಲ್ ಒಪ್ಪಿಸುವಾಗ ಆಯುಧ ಕೊಠಡಿಯವನು ಬೋಲ್ಟ್ ಬಿಚ್ಚಿ ಬಾಲ ನೋಡುತ್ತಾನೆ. ಕಪ್ಪು ಕಂಡರೆ ವಾಪಸ್. ನಮ್ಮ ಎನ್‌ಸಿಸಿ ಹುಡುಗರಿಗೂ ಕೋತ್ (ಆಯುಧ ಕೊಠಡಿ) ಎದುರಿನ ಈ ಸಾಲು ಹೊಸದಲ್ಲ. ಆ ಸಾಲಿನಲ್ಲಿ ನಿಂತವನಿಗೆ ಎರಡೇ ನಿಮಿಷದಲ್ಲಿ ಬಾಲ ಬೆಳ್ಳಗೆ ಮಾಡುವ ಉಪಕರಣ ವರದಾನವೇ.

ಮೊದಲು ನೆನೆಸಿ, ಆಮೇಲೆ ಕೆರೆಯಿರಿ

ಎಆರ್-15 ಇರುವವರಿಗೆ ಕ್ರಮ ಹೀಗಿದೆ.

ಮ್ಯಾಗಜೀನ್ ತೆಗೆಯಿರಿ. ಬೋಲ್ಟ್ ಹಿಂದಕ್ಕೆಳೆದು ನಿಲ್ಲಿಸಿ, ನಳಿಗೆಯ ಬುಡದ ಕೋಣೆ ಖಾಲಿ ಇದೆಯೇ ಎಂದು ಕಣ್ಣಿಂದ ನೋಡಿ, ಕಿರುಬೆರಳು ಹಾಕಿಯೂ ನೋಡಿ. ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ಮನೆಯಲ್ಲಿ ಕೋವಿ ಒರೆಸುವಾಗ ಗುಂಡು ಹಾರಿದ ಸುದ್ದಿಗಳು ಪತ್ರಿಕೆಗಳಿಗೆ ಅಪರೂಪವಲ್ಲ. ಅಲ್ಲೆಲ್ಲ ಈ ಹೆಜ್ಜೆಯೇ ತಪ್ಪಿರುತ್ತದೆ.

ಸಾಧ್ಯವಾದರೆ ರೇಂಜಿನಿಂದ ಬಂದ ಕೂಡಲೇ, ಲೋಹ ಬೆಚ್ಚಗಿರುವಾಗಲೇ ಕೆಲಸಕ್ಕಿಳಿಯಿರಿ. ಒಂದು ವಾರ ಬಿಟ್ಟರೆ ಶ್ರಮ ಹೆಚ್ಚು. ಕ್ಯಾರಿಯರ್ ಹೊರತೆಗೆದು ಪಕ್ಕದ ಸಣ್ಣ ಪಿನ್ ಎಳೆದರೆ ಫೈರಿಂಗ್ ಪಿನ್ ಹಿಂದಿನಿಂದ ಜಾರಿ ಬರುತ್ತದೆ. ಬೋಲ್ಟನ್ನು ಒಳಕ್ಕೆ ಒತ್ತಿ, ಬೋಲ್ಟನ್ನು ಕ್ಯಾರಿಯರ್‌ಗೆ ಕೂಡಿಸುವ ಕ್ಯಾಮ್ ಪಿನ್ನನ್ನು ಕಾಲು ಸುತ್ತು ತಿರುಗಿಸಿ ಎತ್ತಿದರೆ ಬೋಲ್ಟ್ ಮುಂದಿನಿಂದ ಕೈಗೆ ಬರುತ್ತದೆ. ಸಣ್ಣ ಭಾಗಗಳನ್ನೆಲ್ಲ ಒಂದು ತಟ್ಟೆಗೆ ಹಾಕಿಡಿ.

ಈಗ ಹೆಚ್ಚಿನವರು ಉಪಕರಣ ಹಿಡಿದು ಒಣಗಿದ್ದನ್ನೇ ಕೆರೆಯಲು ಕೂರುತ್ತಾರೆ. ಅದು ಬೇಡ. ಹಾಲು ಸೀದ ಪಾತ್ರೆಯನ್ನು ಯಾರೂ ಒಣಗಿದ ಹಾಗೆಯೇ ಉಜ್ಜುವುದಿಲ್ಲ ತಾನೇ? ಬಾಲಕ್ಕೆ ಕಾರ್ಬನ್ ಕರಗಿಸುವ ದ್ರಾವಣವನ್ನೋ ಗನ್ ಎಣ್ಣೆಯನ್ನೋ ಧಾರಾಳವಾಗಿ ಹಚ್ಚಿ ಬಿಟ್ಟುಬಿಡಿ. ಅರ್ಧ ಗಂಟೆ ಸಾಲದಿದ್ದರೆ ರಾತ್ರಿಯಿಡೀ ನೆನೆಯಲಿ. ಅಷ್ಟರಲ್ಲಿ ನಳಿಗೆಯ ಕೆಲಸ ಮುಗಿಸಬಹುದು. ನೆನೆದ ಮೇಲೆ ಕಂಚಿನ ಬ್ರಷ್ಷಿನಿಂದ ಉಜ್ಜಿ ಒರೆಸಿ. ಮುಕ್ಕಾಲು ಪಾಲು ಇಲ್ಲಿಗೇ ಹೋಗುತ್ತದೆ. ವಿಶೇಷ ಉಪಕರಣ ಕೊಂಡ ಅನೇಕರು ಹೊಗಳಬೇಕಾದದ್ದು ಈ ನೆನೆಸುವಿಕೆಯನ್ನು. ಶ್ರೇಯ ಮಾತ್ರ ಉಕ್ಕಿನ ತುಂಡಿಗೆ ಹೋಗುತ್ತದೆ.

ಉಳಿದ ಕಾಲು ಪಾಲಿಗೆ ಉಪಕರಣ. ಗುಳಿಯಿರುವ ತುದಿಯನ್ನು ಬಾಲದ ಮೇಲೆ ಕೂರಿಸಿ, ಹಗುರವಾಗಿ ಒತ್ತುತ್ತ ಸುತ್ತಲೂ ತಿರುಗಿಸಿ. ಅಂಚಿನ ವಾಲಿಕೆ ಬಾಲದ ವಾಲಿಕೆಗೆ ಸರಿಹೊಂದಿದ್ದರೆ ಸಣ್ಣ ಕಪ್ಪು ಚಕ್ಕೆಗಳು ಎದ್ದು ಎಣ್ಣೆಯಲ್ಲಿ ತೇಲುತ್ತವೆ. ಉಪಕರಣದ ಅಸಲಿ ಗುಣವೂ ಇದೇ: ಆ ಒಂದು ತಗ್ಗಿಗೆಂದೇ ಮಾಡಿದ ಅಂಚು ಅದಕ್ಕಿದೆ, ಚಾಕುವಿಗೂ ದಂತವೈದ್ಯರ ಕಡ್ಡಿಗೂ ಇಲ್ಲ. ಹೊಂದದ ಅಗ್ಗದ ಮಾಲಾದರೆ ಒಂದೇ ಗೆರೆಯಲ್ಲಿ ಕೆರೆದು, ಕಾರ್ಬನ್ ಬದಲು ಲೋಹದ ಮೇಲಿನ ಬೂದು ಲೇಪವನ್ನು ತೆಗೆಯುತ್ತದೆ. ಅದಕ್ಕಿಂತ ಕೆರೆಯದಿರುವುದೇ ಮೇಲು. ಮೂತಿಯಿರುವ ತುದಿಯನ್ನು ಕ್ಯಾರಿಯರ್ ಒಳಗೆ ಹಾಕಿ ಎರಡು ಮೂರು ಸುತ್ತು ತಿರುಗಿಸಿದರೆ ಅಲ್ಲಿಯದೂ ಬರುತ್ತದೆ. ಈ ಒಳಭಾಗ ನಿಜಕ್ಕೂ ಬ್ರಷ್ಷಿಗೆ ಕಷ್ಟದ ಜಾಗ. ಉಪಕರಣ ತನ್ನ ಬೆಲೆ ದುಡಿಯುವುದು ಇಲ್ಲಿ. ಕೊನೆಯ ಕಪ್ಪು ಚುಕ್ಕೆಯೂ ಹೋಗಲೇಬೇಕೆಂಬ ಹಟ ಬೇಡ.

ಉಪಕರಣ ತಾಗಬಾರದ ಜಾಗಗಳೂ ಇವೆ. ಗ್ಯಾಸ್ ರಿಂಗುಗಳನ್ನು ಬಟ್ಟೆಯಲ್ಲಿ ಒರೆಸಿದರೆ ಸಾಕು. ಅನಿಲ ತರುವ ಸಣ್ಣ ಕೊಳವೆಯೊಳಗೆ ಏನನ್ನೂ ತುರುಕಬೇಡಿ. ಪ್ರತಿ ಗುಂಡಿಗೂ ಅನಿಲ ರಭಸದಿಂದ ಹಾಯುವುದರಿಂದ ಅದು ತಾನೇ ತೆರೆದಿರುತ್ತದೆ, ತುರುಕಿದ ಬ್ರಷ್ ಮುರಿದು ಸಿಕ್ಕಿಕೊಂಡರೆ ಹೊಸ ತಲೆನೋವು. ನಳಿಗೆಯ ಒಳಗೆ, ತೋಟಾ ಕೂರುವ ಕೋಣೆಯಲ್ಲಿ, ನಳಿಗೆಯ ಬಾಯಿಯ ಅಂಚಿನಲ್ಲಿ ಉಕ್ಕಿನ ಹರಿತ ವಸ್ತುವಿಗೆ ಪ್ರವೇಶವೇ ಇಲ್ಲ. ಬಾಯಿಯ ಅಂಚಿಗೆ ಒಂದು ಗೀರು ಬಿದ್ದರೂ ಗುರಿ ಕೆಡುತ್ತದೆ.

ಬೆಳ್ಳಗಾದ ಬಾಲಕ್ಕಿಂತ ಮುಖ್ಯವಾದ ಒಂದು ಪರೀಕ್ಷೆಯಿದೆ. ಬೋಲ್ಟನ್ನು ಕ್ಯಾರಿಯರ್‌ಗೆ ಸೇರಿಸಿ ಮುಂದಕ್ಕೆ ಪೂರ್ತಿ ಎಳೆದು, ಬೋಲ್ಟಿನ ಮುಖ ಕೆಳಗಾಗುವಂತೆ ಮೇಜಿನ ಮೇಲೆ ನಿಲ್ಲಿಸಿ. ಕ್ಯಾರಿಯರ್ ತನ್ನ ಭಾರಕ್ಕೆ ಕುಸಿದರೆ ರಿಂಗುಗಳು ಸವೆದಿವೆ, ಬದಲಿಸಬೇಕು. ಕುಸಿಯದೆ ನಿಂತರೆ ಚಿಂತೆಯಿಲ್ಲ. ಜೋಡಿಸುವಾಗ ಕ್ಯಾಮ್ ಪಿನ್ ಮರೆಯಬೇಡಿ, ಅದಿಲ್ಲದೆ ಗುಂಡು ಹಾರಿಸಿದರೆ ರೈಫಲ್ ಕೈಯಲ್ಲೇ ಸಿಡಿದೀತು. ಫೈರಿಂಗ್ ಪಿನ್ ಹಾಕಿ, ಸಣ್ಣ ಪಿನ್ ತಳ್ಳಿ, ಹಿಂಭಾಗವನ್ನು ಅಂಗೈಗೆ ಬಡಿದು ನೋಡಿ; ಫೈರಿಂಗ್ ಪಿನ್ ಹೊರಗೆ ಬೀಳಬಾರದು.

ಪಿಸ್ಟನ್ ಇದ್ದರೆ, .22 ಆದರೆ

ಕೆರೆಯುವ ಉಪಕರಣವೇನೂ ಹೊಸ ಕಾಲದ ಕಂಡುಹಿಡಿತವಲ್ಲ. ಎಂ249 ಲಘು ಮಷೀನ್‌ಗನ್ನಿನ ಜತೆಗೆ ಗ್ಯಾಸ್ ರೆಗ್ಯುಲೇಟರ್ (ಅನಿಲದ ಪ್ರಮಾಣ ಹಿಡಿತದಲ್ಲಿಡುವ ಭಾಗ) ಕೆರೆಯಲೆಂದೇ ಒಂದು ಉಪಕರಣವನ್ನು ಅಮೆರಿಕದ ಸೇನೆ ಕೊಡುತ್ತದೆ. ಅಲ್ಲಿ ಕಾರ್ಬನ್ ದಾರಿಯನ್ನೇ ಕಟ್ಟಿ ಗನ್ ನಿಲ್ಲಿಸಬಲ್ಲದು. ಹೀಗಾಗಿ ಉಪಕರಣ ಅಲಂಕಾರಕ್ಕಲ್ಲ. ಪಿಸ್ಟನ್ ರೈಫಲ್ಲುಗಳಲ್ಲಿ ಪಿಸ್ಟನ್ ತಲೆ ಮತ್ತು ಅನಿಲ ಬರುವ ಪ್ಲಗ್ಗಿಗೆ ಗಮನ ಕೊಟ್ಟರೆ ಸಾಕು. ಅದು ಬಿಚ್ಚಿದರೆ ಕಣ್ಣಿಗೆ ಕಾಣುವ ಜಾಗ, ಬ್ರಷ್ಷಿನಲ್ಲೇ ಆಗುತ್ತದೆ.

.22 ರೈಫಲ್ ಹಿಡಿದವರ ತೊಂದರೆ ಬೇರೆ. ತೋಟಾ ಕೂರುವ ಕೋಣೆ ಮುಗಿದು ನಳಿಗೆ ಶುರುವಾಗುವಲ್ಲಿ ಕಾರ್ಬನ್, ಸೀಸ, ಗುಂಡಿನ ಮೇಣ ಸೇರಿ ಒಂದು ಉಂಗುರ ಕಟ್ಟುತ್ತದೆ. ಅಷ್ಟು ಹೊತ್ತು ಒಂದೇ ತೂತಿಗೆ ಬೀಳುತ್ತಿದ್ದ ಗುಂಡುಗಳಲ್ಲಿ ಒಂದೆರಡು ಇದ್ದಕ್ಕಿದ್ದಂತೆ ದಾರಿ ತಪ್ಪಿದರೆ ಗುರಿಕಾರರು ಮೊದಲು ಅನುಮಾನಿಸುವುದು ಈ ಉಂಗುರವನ್ನೇ. ಇಲ್ಲಿ ಉಕ್ಕಿನ ಉಪಕರಣ ಹಾಕುವವರನ್ನು ಕಂಡರೆ ಕೈ ಹಿಡಿದು ನಿಲ್ಲಿಸಿ. ದ್ರಾವಣದಲ್ಲಿ ತೋಯಿಸಿದ ಬಟ್ಟೆ ಅಲ್ಲಿಯವರೆಗೆ ಹೋಗಿ ಹದಿನೈದು ನಿಮಿಷ ಕೂರಲಿ, ಬಳಿಕ ಕಂಚಿನ ಬ್ರಷ್ ನಾಲ್ಕಾರು ಸಲ, ಕೊನೆಗೆ ಒಣ ಬಟ್ಟೆ. ರಾಡ್ ಯಾವಾಗಲೂ ಹಿಂದಿನಿಂದ ಹೋಗಲಿ. ಎನ್‌ಸಿಸಿ ಮಾಡಿದವರಿಗೆ ಪುಲ್‌ಥ್ರೂ (ನಳಿಗೆಯೊಳಗೆ ಹಾಯಿಸಿ ಎಳೆಯುವ ಹಗ್ಗ) ಮತ್ತು ಚಿಂದಿ ನೆನಪಿರಬೇಕು: ಒರೆಸಲು 4 ಇಂಚು ಉದ್ದ, 2 ಇಂಚು ಅಗಲದ ಚಿಂದಿ, ಎಣ್ಣೆ ಹಚ್ಚಲು ಒಂದೂವರೆ ಇಂಚು ಅಗಲದ್ದು. ಆ ಅಳತೆ ಸುಮ್ಮನೆ ಇಟ್ಟದ್ದಲ್ಲ, ಹೆಚ್ಚಾದರೆ ಚಿಂದಿ ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ.

ಕೈಲ್‌ಪೊಳ್ದ್ ಮನೆಯ ಕೋವಿಗೆ

ಭಾರತದಲ್ಲಿ ಎಆರ್-15 ಸಾಮಾನ್ಯ ಪರವಾನಗಿಗೆ ದಕ್ಕುವ ಆಯುಧವಲ್ಲ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದೆ, ಆದರೆ ಅಲ್ಲಿ ಇರುವುದು ಹೆಚ್ಚಾಗಿ ಒಂಟಿನಳಿಗೆ, ಜೋಡಿನಳಿಗೆ ಕೋವಿಗಳು. ಅಪರೂಪಕ್ಕೆ ಕೈಯಿಂದಲೇ ಬೋಲ್ಟ್ ಎಳೆಯುವ .315 ರೈಫಲ್. ಇವು ಯಾವುದರಲ್ಲೂ ಅನಿಲ ಹಿಂದಕ್ಕೆ ಬರುವ ದಾರಿಯೇ ಇಲ್ಲ. ಹಾಗಾಗಿ ಬೋಲ್ಟಿನ ಬಾಲಕ್ಕೆ ಮಾಡಿದ ಉಪಕರಣಕ್ಕೆ ಇಲ್ಲಿ ಕೆರೆಯಲು ಜಾಗವೇ ಸಿಗುವುದಿಲ್ಲ.

ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿ ಒರೆಸಿ, ತೋಕ್‌ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗಿಡುವ ಮನೆಗಳಲ್ಲಿ ಗಮನ ಬೇಕಾದದ್ದು ಹಬ್ಬದ ಮರುದಿನಕ್ಕೆ. ತೆಂಗಿನಕಾಯಿಗೆ ಗುಂಡು ಹೊಡೆದ ಮೇಲೆ ಕೋವಿ ಹಾಗೆಯೇ ಗೋಡೆ ಸೇರಿದರೆ, ಮುಗಿಯದ ಮಳೆಯ ತೇವಕ್ಕೆ ತುಕ್ಕು ಗ್ಯಾರಂಟಿ. ತೋಟಾ ಕೋವಿಯ ನಳಿಗೆಯಲ್ಲಿ ಉಳಿಯುವುದು ಮಸಿಗಿಂತ ಹೆಚ್ಚಾಗಿ ಪ್ಲಾಸ್ಟಿಕ್ ಮತ್ತು ಸೀಸದ ಲೇಪ. ಕಂಚಿನ ಬ್ರಷ್, ದ್ರಾವಣ, ಬಟ್ಟೆ ಸಾಕು. ನಳಿಗೆಯ ಬಾಯಿಂದ ಕರಿಮದ್ದು ತುಂಬುವ ಹಳೆಯ ಕೇಪಿನ ಕೋವಿಯದು ಇನ್ನೂ ಸುಲಭ. ಕರಿಮದ್ದು ಉರಿದು ಬಿಡುವುದರಲ್ಲಿ ಬಹುಪಾಲು ಲವಣ, ಅದು ನೀರಿನಲ್ಲಿ ಕರಗುತ್ತದೆ. ಬಿಸಿನೀರಿಗೆ ತುಸು ಸೋಪು ಹಾಕಿ ನಳಿಗೆ ತೊಳೆದು, ಮತ್ತೆ ಬರಿಯ ಬಿಸಿನೀರು ಹಾಯಿಸಿ, ಪೂರ್ತಿ ಒಣಗಿಸಿ ಎಣ್ಣೆ ಹಚ್ಚಬೇಕು. ಎಣ್ಣೆ ಮಾತ್ರ ಹಚ್ಚಿ ತೊಳೆಯದೆ ಬಿಟ್ಟರೆ ಆ ಲವಣ ಎಣ್ಣೆಯಡಿಯಲ್ಲೂ ತೇವ ಹೀರಿ ನಳಿಗೆಯನ್ನು ತಿನ್ನುತ್ತದೆ.

ಎಣ್ಣೆ ಎಂದರೆ ಗನ್ ಎಣ್ಣೆ, ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ. ತೆಂಗಿನೆಣ್ಣೆ ಬೇಡವೇ ಬೇಡ: 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಮಡಿಕೇರಿಯಲ್ಲಿ ಅದು ವರ್ಷದ ಬಹುಭಾಗದ ಹವೆ.

ಯಾವ ಕೋವಿಯಾದರೂ ಒರೆಸುವಾಗ ಕಿಟಕಿ ತೆರೆದಿರಲಿ. ತೋಟಾದ ಕೇಪಿನ ಮದ್ದಿನಲ್ಲಿ, ಗುಂಡಿನಲ್ಲಿ ಸೀಸವಿರುತ್ತದೆ. ಕೆರೆದ ಪುಡಿಯಲ್ಲೂ ಅದು ಸೇರಿರುತ್ತದೆ. ಒಣಗಿದ್ದನ್ನು ಕೆರೆಯಬೇಡಿ ಎಂದದ್ದಕ್ಕೆ ಇದೂ ಒಂದು ಕಾರಣ, ಎಣ್ಣೆಯಲ್ಲಿ ನೆನೆದ ಚಕ್ಕೆ ಗಾಳಿಗೆ ಏಳುವುದಿಲ್ಲ. ಪುಡಿಯನ್ನು ಬಾಯಿಂದ ಊದಬೇಡಿ, ಊಟದ ಮೇಜಿನ ಮೇಲೆ ಈ ಕೆಲಸ ಹರಡಬೇಡಿ, ಮಕ್ಕಳು ಹತ್ತಿರ ಬೇಡ. ಬಳಸಿದ ಚಿಂದಿಗಳನ್ನು ಕವರಿಗೆ ಕಟ್ಟಿ ಎಸೆಯಿರಿ, ಒಲೆಗೆ ಹಾಕಬೇಡಿ. ಕೈಯನ್ನು ತಣ್ಣೀರು, ಸೋಪಿನಲ್ಲಿ ತೊಳೆದ ಮೇಲೆಯೇ ಕಾಫಿ ಲೋಟ ಮುಟ್ಟಿ.