ಆಟಿಯಲ್ಲಿ ಬಂದ ಒಂದು ರೂಪಾಯಿಯ ಬಂಗುಡೆ

ಮಲ್ಪೆಯ ಮೀನು ವ್ಯಾಪಾರಿಗಳ ಲೆಕ್ಕಪತ್ರಕ್ಕೆಂದು ನಾವು ನಾಲ್ವರು ಮಣಿಪಾಲದಲ್ಲಿ ಕುಳಿತು ಒಂದು ತಂತ್ರಾಂಶ ಬರೆದಿದ್ದೆವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ 61 ದಿನ ಬೋಟುಗಳಿಗೂ ದುರಸ್ತಿ, ನಮ್ಮ ತಂತ್ರಾಂಶಕ್ಕೂ ದುರಸ್ತಿ.

ಕೋಡನ್ನು ಓಡುವ ತಂತ್ರಾಂಶವಾಗಿ ಕಟ್ಟಿಕೊಡುವ (ಬಿಲ್ಡ್ ಮಾಡುವ) ಸಾಧನ ಮೇವನ್. ಆಗ ಅದರಲ್ಲಿ ಮೂರು ಪ್ರೊಫೈಲ್, ಅಂದರೆ ಮೂರು ಬಗೆಯ ಸೆಟ್ಟಿಂಗು, ಇಟ್ಟುಕೊಂಡಿದ್ದೆವು: ಲ್ಯಾಪ್‌ಟಾಪಿಗೊಂದು, ಪರೀಕ್ಷಾ ಸರ್ವರಿಗೊಂದು, ಅಸಲಿ ಸರ್ವರಿಗೊಂದು. ಡೇಟಾಬೇಸಿನ ವಿಳಾಸ, ಎಸ್ಸೆಮ್ಮೆಸ್ ಸೇವೆಯ ಕೀಲಿ ಎಲ್ಲವೂ ಬಿಲ್ಡ್ ಮಾಡುವಾಗಲೇ ಜಾರ್ ಕಡತದೊಳಗೆ, ಅಂದರೆ ಸರ್ವರಿನಲ್ಲಿ ಓಡುವ ತಂತ್ರಾಂಶದ ಕಟ್ಟಿನೊಳಗೆ, ಸೇರಿಬಿಡುತ್ತಿದ್ದವು. ಮೂರು ಜಾರ್‌ಗಳಿಗೂ ಒಂದೇ ಹೆಸರು. ತ್ರಿವಳಿ ಮಕ್ಕಳ ಹಾಗೆ, ಹೆತ್ತವರಿಗೂ ಗುರುತು ಸಿಗದು.

ಜುಲೈ ಕೊನೆಯ, ತುಳುವರ ಆಟಿ ತಿಂಗಳ ಒಂದು ಸಂಜೆ, ಮಳೆಗೆ ಎರಡು ಸಲ ಕರೆಂಟ್ ಹೋಗಿ ಬಂದ ಮೇಲೆ, ಅಸಲಿ ಜಾರನ್ನು ಪರೀಕ್ಷಾ ಸರ್ವರಿಗೆ ಹಾಕಿದವನು ನಾನೇ. ‘ಬಂಗುಡೆ, 900 ಕಿಲೋ, ದರ 1 ರೂಪಾಯಿ’ ಎಂದು ನಮೂದಿಸಿ ಗುಂಡಿ ಒತ್ತಿದೆ. ಎಸ್ಸೆಮ್ಮೆಸ್ ಅಸಲಿ ವ್ಯಾಪಾರಿಗಳಿಗೇ ಹೋಯಿತು. ಎರಡೇ ನಿಮಿಷದಲ್ಲಿ ಒಬ್ಬ ವ್ಯಾಪಾರಿಯ ಫೋನ್: “ಬೋಟುಗಳೆಲ್ಲ ದಡದಲ್ಲಿವೆ, ಈ ಬಂಗುಡೆ ಎಲ್ಲಿಂದ ಬಂತು ಮಾರಾಯರೇ? ಒಂದು ರೂಪಾಯಿಯಾದರೆ ಅಷ್ಟೂ ನನಗೇ ಇರಲಿ.” ಅವರು ನಕ್ಕರು. ಅಸಲಿ ಲೆಕ್ಕದಿಂದ ಆ ನಮೂದನ್ನು ತೆಗೆದು ಮುಗಿಸುವಾಗ ನನಗೆ ರಾತ್ರಿ ಹತ್ತಾಗಿತ್ತು.

ಮೊದಲಿಗೆ ಜಾರ್‌ಗಳಿಗೆ ಬೇರೆ ಬೇರೆ ಹೆಸರಿಟ್ಟೆವು. ಒಂದು ವಾರದಲ್ಲೇ ಅದರ ಹುಳುಕೂ ಕಂಡಿತು. ಪರೀಕ್ಷೆಯಲ್ಲಿ ಪಾಸಾಗುವ ಜಾರ್ ಒಂದು, ವ್ಯಾಪಾರಿಗಳಿಗೆ ಹೋಗುವುದು ಇನ್ನೊಂದು. ಒಂದು ಪಾತ್ರೆಯ ಸಾರಿನ ಉಪ್ಪು ನೋಡಿ ಬೇರೆ ಪಾತ್ರೆಯದನ್ನು ಬಡಿಸಿದ ಹಾಗೆ.

ಪ್ರೊಫೈಲ್‌ಗಳನ್ನೇ ಕಿತ್ತುಹಾಕಿದೆ. ಈಗ ಎಲ್ಲ ಕಡೆಗೂ ಒಂದೇ ಜಾರ್. ಪ್ರತಿ ಸರ್ವರಿನಲ್ಲೂ ಅದರದೇ ವಿಳಾಸ, ಕೀಲಿಗಳ ಒಂದು ಪುಟ್ಟ ಕಡತವಿದೆ, ಅನುಮತಿ 600, ಅಂದರೆ ಒಡೆಯನ ಹೊರತು ಬೇರೆ ಸಾಮಾನ್ಯ ಬಳಕೆದಾರರು ಓದುವಂತಿಲ್ಲ. ಸರ್ವರಿನಲ್ಲಿ ತಂತ್ರಾಂಶಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ಅದನ್ನು ಓದಿ ಹೊರಗಿನಿಂದ ಸಿಗುವ ಮೌಲ್ಯಗಳಾಗಿ, ಅಂದರೆ ಎನ್ವಿರಾನ್ಮೆಂಟ್ ವೇರಿಯಬಲ್‌ಗಳಾಗಿ ಕೊಡುತ್ತದೆ; ಜಾರ್ ಒಳಗಿನ ಪ್ರಾಪರ್ಟೀಸ್ ಕಡತಕ್ಕಿಂತ ಅವುಗಳ ಮಾತನ್ನೇ ನಮ್ಮ ತಂತ್ರಾಂಶದ ಚೌಕಟ್ಟಾದ ಸ್ಪ್ರಿಂಗ್ ಬೂಟ್ ಮೊದಲು ಕೇಳುತ್ತದೆ. ಜಾರ್ ಊರೆಲ್ಲ ಸುತ್ತಲಿ, ಈ ಕಡತ ತನ್ನ ಸರ್ವರ್ ಬಿಟ್ಟು ಕದಲುವುದಿಲ್ಲ. ಪೋರ್ಟ್ ಸಂಖ್ಯೆಯಂಥದ್ದಕ್ಕೆ ಡೀಫಾಲ್ಟ್ (ಏನೂ ಕೊಡದಿದ್ದರೆ ಬಳಸುವ ಮೌಲ್ಯ) ಇಟ್ಟಿದ್ದೇನೆ. ಎಸ್ಸೆಮ್ಮೆಸ್ ಸೇವೆಯ ವಿಳಾಸಕ್ಕೆ ಬೇಕೆಂದೇ ಇಟ್ಟಿಲ್ಲ. ಅದು ಸಿಗದಿದ್ದರೆ ತಂತ್ರಾಂಶ ಏಳುವುದೇ ಇಲ್ಲ. ಎದ್ದರೆ, ಯಾವ ಡೇಟಾಬೇಸ್, ಯಾವ ಎಸ್ಸೆಮ್ಮೆಸ್ ಸೇವೆ ಎಂಬುದನ್ನು ಲಾಗ್‌ನಲ್ಲಿ ಮೊದಲೇ ಹೇಳುತ್ತದೆ. ಪಾಸ್‌ವರ್ಡ್ ಮಾತ್ರ ಹೇಳುವುದಿಲ್ಲ.

ಹಳೆಯ ಕೀಲಿಗಳನ್ನೆಲ್ಲ ಬದಲಿಸಬೇಕಾಯಿತು, ಏಕೆಂದರೆ ಕಡತವನ್ನು ಅಳಿಸಿದರೂ, ಕೋಡಿನ ಹಳೆಯ ಆವೃತ್ತಿಗಳನ್ನು ಉಳಿಸಿಡುವ ಗಿಟ್‌ನ ಇತಿಹಾಸದಲ್ಲಿ ಅವು ಹಾಗೆಯೇ ಕುಳಿತಿರುತ್ತವೆ.

ಹೆಚ್ಚು ಸತಾಯಿಸಿದ್ದು ಬ್ರೌಸರ್ ಭಾಗ. ಆ ಭಾಗವನ್ನು ಬಿಲ್ಡ್ ಮಾಡುವ ಸಾಧನವಾದ ವೀಟ್ ಈ ಮೌಲ್ಯಗಳನ್ನು ಬಿಲ್ಡ್ ಸಮಯದಲ್ಲೇ ಜಾವಾಸ್ಕ್ರಿಪ್ಟ್‌ನಲ್ಲಿ ಅಚ್ಚೊತ್ತಿಬಿಡುತ್ತದೆ. ಆಮೇಲೆ ಸರ್ವರಿನಲ್ಲಿ ಏನು ಬದಲಿಸಿದರೂ ಅದಕ್ಕೆ ಲೆಕ್ಕವಿಲ್ಲ. ಪುಟ ತೆರೆದೊಡನೆ ಸರ್ವರಿನಿಂದ ಈ ಮೌಲ್ಯಗಳಿರುವ ಒಂದು ಜೇಸನ್ (ಸರಳ ಪಠ್ಯದ) ಕಡತವನ್ನು ತರಿಸಿಕೊಳ್ಳುವಂತೆ ಮಾಡಿದೆ. ಬ್ರೌಸರಿಗೆ ಹೋದದ್ದನ್ನು ಯಾರು ಬೇಕಾದರೂ ಓದಬಹುದು, ಹಾಗಾಗಿ ಅದರಲ್ಲಿ ಕೀಲಿಗಳಿಲ್ಲ.

ಪರೀಕ್ಷೆಗೆ ಈಗಲೂ ಅದೇ 900 ಕಿಲೋ ಬಂಗುಡೆಯನ್ನೇ ನಮೂದಿಸುತ್ತೇನೆ. ಸಂದೇಶ ನನ್ನ ಮೊಬೈಲಿಗೆ ಬರುತ್ತದೆ.