ಪೆನ್ಸಿಲ್ ಗೆರೆ ಬಿದ್ದ ಜಾಗ

ಕಥೆ ಬರೆದು ಗೆಳೆಯರಿಗೆ ಓದಲು ಕೊಟ್ಟರೆ ಬರುತ್ತಿದ್ದದ್ದು ಒಂದೇ ಮಾತು: 'ಚೆನ್ನಾಗಿದೆ'. ಅದರಿಂದ ನನಗೆ ಏನೂ ಉಪಯೋಗ ಆಗುತ್ತಿರಲಿಲ್ಲ. ಹಾಗಾಗಿ ಒಮ್ಮೆ ಪ್ರಿಂಟ್ ತೆಗೆದು, ಜೊತೆಗೊಂದು ಪೆನ್ಸಿಲ್ ಕೊಟ್ಟೆ. 'ಅಭಿಪ್ರಾಯ ಬೇಡ. ಓದ್ತಾ ಓದ್ತಾ ಎಲ್ಲಿ ಕೈ ಮೊಬೈಲ್ ಕಡೆ ಹೋಗುತ್ತೋ ಅಲ್ಲೊಂದು ಗೆರೆ ಎಳೆದುಬಿಡಿ, ಸಾಕು' ಎಂದೆ.

ಮೂವರ ಗೆರೆಯೂ ಹೆಚ್ಚುಕಮ್ಮಿ ಒಂದೇ ಕಡೆ ಬಿದ್ದಿತ್ತು. ಎರಡನೇ ಪುಟದ ನಡುವೆ. ನಾನು ತುಂಬಾ ಇಷ್ಟಪಟ್ಟು ಬರೆದ ಜಾಗ ಅದು! ನಾಯಕಿಯ ಬಾಲ್ಯ, ಅಪ್ಪನ ಸ್ವಭಾವ, ಅಣ್ಣನ ಜೊತೆ ಮಾತು ಬಿಟ್ಟಿದ್ದು ಯಾಕೆ, ಎಲ್ಲ ಅಲ್ಲೇ ಇತ್ತು. ಇದಿಲ್ಲದೆ ಕಥೆ ಅರ್ಥ ಆಗೋದು ಹೇಗೆ ಅಂತ ಸಿಟ್ಟೇ ಬಂತು.

ಎರಡು ದಿನ ಬಿಟ್ಟು ಆ ಒಂದೂವರೆ ಪುಟವನ್ನು ಕಿತ್ತು ಬೇರೆ ಫೈಲಿಗೆ ಹಾಕಿದೆ. ಅಳಿಸಲು ಮನಸ್ಸು ಬರಲಿಲ್ಲ. ಉಳಿದಿದ್ದನ್ನು ಓದಿದರೆ ಕಥೆಗೆ ಏನೂ ಆಗಿರಲಿಲ್ಲ. ಒಂದೇ ಒಂದು ಸಾಲು ಬೇಕಿತ್ತು. ಮೊದಲು 'ಅವಳಿಗೆ ಅಣ್ಣನ ಮೇಲೆ ಕೋಪವೂ ಇತ್ತು, ಪ್ರೀತಿಯೂ ಇತ್ತು' ಎಂದು ಬರೆದಿದ್ದೆ. ಈಗ ಹೀಗಿದೆ: 'ಅಣ್ಣನ ನಂಬರನ್ನು ಎಂದೋ ಅಳಿಸಿದ್ದಳು. ಆದರೂ ಬೆರಳು ತಡವರಿಸದೆ ಅಷ್ಟೂ ಅಂಕಿ ಒತ್ತಿತು.'

ಆಗ ಇನ್ನೊಂದು ತೊಂದರೆ ಕಣ್ಣಿಗೆ ಬಿತ್ತು. ನನ್ನ ನಾಯಕಿ ಏನೂ ಮಾಡುತ್ತಲೇ ಇರಲಿಲ್ಲ. ಸುಮ್ನೆ ಕಿಟಕಿ ಪಕ್ಕ ಕೂತು ನೆನಪು ಮಾಡಿಕೊಳ್ಳುತ್ತಿದ್ದಳು. ಹೊಸಬರ ಕಥೆಗಳಲ್ಲಿ ಕಿಟಕಿ ಪಕ್ಕ ಕೂತವರು ಸ್ವಲ್ಪ ಜಾಸ್ತಿ, ಅಲ್ವಾ? ಅವಳಿಗೊಂದು ಅವಸರ ಕೊಟ್ಟೆ. ಸಂಜೆ ಐದರೊಳಗೆ ಅಣ್ಣನ ಸಹಿ ಬೇಕು. ಅಷ್ಟಾದ ಮೇಲೆ ಅವಳು ಕೂರಲಿಲ್ಲ, ನಾನೂ ಕೂರಿಸಲಿಲ್ಲ.

ಸಂಭಾಷಣೆಯಲ್ಲಿ ನಾನು ಹೆಚ್ಚು ಒದ್ದಾಡಿದ್ದೇನೆ. ಮೊದಲ ಕರಡಿನಲ್ಲಿ ಫೋನ್ ಮಾತು ಹೀಗಿತ್ತು:

'ಹೇಗಿದ್ದೀಯಾ ಅಣ್ಣಾ?'
'ಚೆನ್ನಾಗಿದ್ದೀನಿ. ನಿನಗೆ ಇನ್ನೂ ಸಿಟ್ಟಿದೆಯಾ?'
'ಇಲ್ಲ, ಎಲ್ಲ ಮರೆತಿದ್ದೀನಿ.'

ಸಂದರ್ಶನದ ಹಾಗೆ ಕೇಳಿದ್ದಕ್ಕೆಲ್ಲ ನೇರ ಉತ್ತರ. ಗಟ್ಟಿಯಾಗಿ ಓದಿ ನೋಡಿದೆ, ನನಗೇ ನಗು ಬಂತು. ಎಷ್ಟೋ ವರ್ಷ ಮಾತಾಡದ ತಂಗಿ ಇದ್ದಕ್ಕಿದ್ದಂತೆ ಫೋನ್ ಮಾಡಿದರೆ ಅಣ್ಣ ಏನು ಕೇಳುತ್ತಾನೆ? ಈಗ ಎರಡೇ ಸಾಲು ಉಳಿದಿದೆ:

'ಅಣ್ಣಾ, ನಾನು.'
'ಯಾಕೆ, ಯಾರಿಗೇನಾಯ್ತು?'

ಕೊನೆಯ ಪ್ಯಾರಾ ಕತ್ತರಿಸುವುದು ಸುಲಭವಾಯಿತು. ಇಬ್ಬರೂ ಒಂದಾದರು ಎಂದು ವಿವರಿಸಿದ್ದೆ, ತೆಗೆದುಹಾಕಿದೆ. ಅವನು ಪೆನ್ನು ಕೇಳುವಲ್ಲಿಗೇ ಕಥೆ ನಿಂತಿತು. 4,100 ಪದ ಇದ್ದದ್ದು 2,700ಕ್ಕೆ ಇಳಿಯಿತು.

ಮತ್ತೆ ಪ್ರಿಂಟ್, ಮತ್ತೆ ಪೆನ್ಸಿಲ್. ಈ ಸಲ ಇನ್ನಿಬ್ಬರಿಗೆ ಕೊಟ್ಟೆ, ಮೊದಲಿನವರಿಗೆ ಕಥೆ ಗೊತ್ತಿತ್ತಲ್ಲ. ಒಬ್ಬರ ಪ್ರತಿಯಲ್ಲಿ ಗೆರೆಯೇ ಇರಲಿಲ್ಲ. ಇನ್ನೊಬ್ಬರದರಲ್ಲಿ ಒಂದೇ ಗೆರೆ, ಮಳೆಯ ವರ್ಣನೆ ಬರುವ ಕಡೆ. ಆ ನಾಲ್ಕು ಸಾಲು ಈಗಲೂ ಹಾಗೇ ಇದೆ. ಹಠ ಅಂತಲೇ ಅಂದ್ಕೊಳ್ಳಿ.